ಉಮಿಕರಿಯಿಂದ ಸಿಮೆಂಟಿನವರೆಗೆ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಹಲ್ಲುಜ್ಜಲು ಪೇಸ್ಟ್ ಇರಲಿಲ್ಲ. ಬಚ್ಚಲಿನ ಗೋಡೆಯ ಗೂಡಿನಲ್ಲಿ ಒಂದು ಗೆರಟೆ ತುಂಬ ಉಮಿಕರಿ ಇರುತ್ತಿತ್ತು. ಕಾಸರಗೋಡಿನ ಕಡೆಯ ನನ್ನ ವಯಸ್ಸಿನವರಿಗೆಲ್ಲ ಅದರ ನೆನಪಿರಬಹುದು. ಕನ್ನಡ, ತುಳು, ಮಲಯಾಳ ಮೂರರಲ್ಲೂ ಭತ್ತದ ಸಿಪ್ಪೆಗೆ ಉಮಿ ಎಂದೇ ಹೆಸರು. ತಿಕ್ಕುವಾಗ ಹಲ್ಲಿಗೆ ಕರಕರ ಎನ್ನುತ್ತಿತ್ತಲ್ಲ, ಅದಕ್ಕೆ ಕಾರಣ ಸಿಲಿಕಾ. ಮರಳಿನಲ್ಲಿರುವುದೂ ಅದೇ. ಭತ್ತದ ಗಿಡ ಅದನ್ನು ಮಣ್ಣಿನಿಂದ ಹೀರಿ ಉಮಿಯಲ್ಲಿ ಕೂಡಿಡುತ್ತದೆ.

ಈ ಉಮಿಯ ಬೂದಿ ಸಿಮೆಂಟಿನ ಕೆಲಸ ಮಾಡುತ್ತದೆ ಎಂದರೆ ತರಗತಿಯಲ್ಲಿ ಮಕ್ಕಳು ನಗುತ್ತಾರೆ. ಆದರೆ ಇದಕ್ಕೊಂದು ಇತಿಹಾಸವಿದೆ.

ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಪಡೆದದ್ದು 1824ರಲ್ಲಿ. ಅದು ನಮ್ಮೂರುಗಳಿಗೆ ಬರುವ ಮೊದಲು ಕಲ್ಲಿಗೆ ಕಲ್ಲು ಬೆಸೆಯುತ್ತಿದ್ದದ್ದು ಸುಣ್ಣ. ಕರಾವಳಿಯಲ್ಲಿ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದರು. ಗಾರೆಗೆ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಸೇರಿಸುವ ಪದ್ಧತಿ ದಕ್ಷಿಣ ಭಾರತದ ಹಲವು ಕಡೆ ಇತ್ತು. ನೀರು ನಿಲ್ಲುವ ಕಡೆ ಸುಟ್ಟ ಇಟ್ಟಿಗೆಯ ಪುಡಿಯನ್ನು, ಅಂದರೆ ಸುರ್ಕಿಯನ್ನು, ಬೆರೆಸುತ್ತಿದ್ದರು. 1895ರಲ್ಲಿ ಮುಗಿದ ಇಡುಕ್ಕಿಯ ಮುಲ್ಲಪೆರಿಯಾರ್ ಅಣೆಕಟ್ಟು, 1911ರಲ್ಲಿ ಆರಂಭವಾದ ಮೈಸೂರಿನ ಕನ್ನಂಬಾಡಿ ಕಟ್ಟೆ, ಎರಡರಲ್ಲೂ ಇರುವುದು ಸುರ್ಕಿ ಗಾರೆ. ಸುರ್ಕಿಯ ಸಿಲಿಕಾ ಸುಣ್ಣದೊಡನೆ ಕೂಡಿ ನೀರಿಗೆ ಕರಗದ ಅಂಟಾಗುತ್ತದೆ. ಗುಟ್ಟು ಅಷ್ಟೇ.

ಸಿಮೆಂಟಿಗೆ ನೀರು ಬಿದ್ದಾಗಲೂ ಒಳಗೆ ಒಂದಿಷ್ಟು ಸುಣ್ಣ ಹುಟ್ಟಿ ಸುಮ್ಮನೆ ಉಳಿಯುತ್ತದೆ. ನುಣ್ಣಗೆ ಅರೆದ ಉಮಿಬೂದಿ ಆ ಸುಣ್ಣವನ್ನು ಹಿಡಿದು ಅಂಟಾಗಿಸುತ್ತದೆ, ಕಾಂಕ್ರೀಟಿನ ಸಣ್ಣ ರಂಧ್ರಗಳನ್ನೂ ತುಂಬುತ್ತದೆ. ಉಪ್ಪುಗಾಳಿಗೆ ಕಂಬಿ ತುಕ್ಕು ಹಿಡಿಯುವ ನಮ್ಮ ಕರಾವಳಿಗೆ ಇದು ಸಣ್ಣ ಮಾತಲ್ಲ.

ಹಾಗಾದರೆ ಒಲೆಯ ಬೂದಿ ಸಾಕೇ? ಸಾಲದು. ಇದನ್ನು ಆಳವಾಗಿ ಅಭ್ಯಾಸ ಮಾಡಿದವರು ಭಾರತ ಮೂಲದ ಪಿ. ಕೆ. ಮೆಹ್ತಾ, ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದವರು. ಉಮಿಬೂದಿಯ ಸಿಮೆಂಟಿಗೆ ಅವರಿಗೆ 1978ರಲ್ಲಿ ಪೇಟೆಂಟ್ ಸಿಕ್ಕಿತು. ಮುಖ್ಯವಾದದ್ದು ಬೆಂಕಿಯ ಹದ. ಸುಮಾರು 500ರಿಂದ 700 ಡಿಗ್ರಿ ಸೆಲ್ಸಿಯಸ್‌ನಲ್ಲಿ ಚೆನ್ನಾಗಿ ಉರಿದರೆ ಬೂದಿ ಚುರುಕಾಗಿರುತ್ತದೆ. ಶಾಖ ಮಿತಿಮೀರಿದರೆ ಸಿಲಿಕಾ ಹರಳುಗಟ್ಟಿ ಮರಳಿನಂತೆ ಜಡವಾಗುತ್ತದೆ. ಅರೆಬೆಂದರೆ ಇಂಗಾಲ ಉಳಿಯುತ್ತದೆ. ನಮ್ಮ ಉಮಿಕರಿ ಕಪ್ಪಾಗಿದ್ದದ್ದು ಅದಕ್ಕೇ!

ಭಾರತದ ಕಾಂಕ್ರೀಟ್ ಮಾನಕ ಐ.ಎಸ್. 456 ಕೂಡ 2000ದ ಆವೃತ್ತಿಯಲ್ಲಿ ಗುಣಮಟ್ಟದ ಷರತ್ತಿನೊಂದಿಗೆ ಉಮಿಬೂದಿಗೆ ಒಪ್ಪಿಗೆ ಕೊಟ್ಟಿದೆ. ಸಾಮಾನ್ಯವಾಗಿ ಸಿಮೆಂಟಿನಲ್ಲಿ 10ರಿಂದ 20 ಪಾಲು ಕಡಿಮೆ ಮಾಡಿ ಇದನ್ನು ಸೇರಿಸುತ್ತಾರೆ. ಸಾವಿರ ಕಿಲೋ ಭತ್ತಕ್ಕೆ ಸುಮಾರು 200 ಕಿಲೋ ಉಮಿ, ಅದರಿಂದ ಸುಮಾರು 40 ಕಿಲೋ ಬೂದಿ. ಜಗತ್ತಿನ ಇಂಗಾಲದ ಡೈಆಕ್ಸೈಡಿನಲ್ಲಿ ಶೇಕಡಾ 8ರಷ್ಟು ಸಿಮೆಂಟಿನಿಂದಲೇ ಬರುತ್ತಿರುವಾಗ, ಮಿಲ್ಲಿನ ಹಿಂದೆ ರಾಶಿ ಬಿದ್ದ ಈ ಬೂದಿಯನ್ನು ಕಸ ಎನ್ನಲು ಮನಸ್ಸಾಗುವುದಿಲ್ಲ. ತೊಡಕೆಂದರೆ, ಒಂದೊಂದು ಮಿಲ್ಲಿನ ಬೆಂಕಿ ಒಂದೊಂದು ಬಗೆ. ಬೂದಿಯ ಗುಣವೂ ಹಾಗೆಯೇ. ಪರೀಕ್ಷೆಯಿಲ್ಲದೆ ಮನೆಯ ಕಂಬಕ್ಕೆ ಸುರಿಯಬೇಡಿ.

ನನ್ನ ಊರಿನ ಗದ್ದೆಗಳು ಹೆಚ್ಚಿನವು ಈಗ ಅಡಿಕೆ ತೋಟ. ಮೊನ್ನೆ ಪಾಠದ ನಡುವೆ ಒಬ್ಬ ಹುಡುಗ ಕೇಳಿದ: "ಸರ್, ಉಮಿ ಅಂದರೆ ಹೇಗಿರುತ್ತದೆ?" ಬೂದಿಯ ಮಾತು ಅಲ್ಲಿಗೇ ನಿಲ್ಲಿಸಿ, ಮೊದಲು ಒಂದು ಹಿಡಿ ಉಮಿ ಹುಡುಕಲು ಹೊರಟೆ.