ಮೈಸೂರು ಸಂಸ್ಥಾನದಲ್ಲಿ ಯಹೂದಿಗಳು: ಬಾಗಿಲು ತೆರೆದ ಕೆಲವು ಕೈಗಳು

ಭಾರತದ ಯಹೂದಿಗಳು ಎಂದೊಡನೆ ನಮಗೆ ಕೊಚ್ಚಿಯ ಮಟ್ಟಾಂಚೇರಿ ನೆನಪಾಗುತ್ತದೆ, ಮುಂಬಯಿ ನೆನಪಾಗುತ್ತದೆ. ಮೈಸೂರು ನೆನಪಾಗುವುದಿಲ್ಲ. ಅದಕ್ಕೆ ಕಾರಣವೂ ಇದೆ. ಮೈಸೂರಿನಲ್ಲಿ ಯಹೂದಿಗಳ ಬೀದಿ ಇಲ್ಲ. 1916ರಲ್ಲಿ ವಿಶ್ವವಿದ್ಯಾನಿಲಯ ಸ್ಥಾಪನೆಯಾದ ಮೇಲೆ ಈ ಊರಿನಲ್ಲಿ ಜಾತಿಗೊಂದು, ಮತಕ್ಕೊಂದು ವಿದ್ಯಾರ್ಥಿನಿಲಯ ಬೆಳೆದವು. ಹಳ್ಳಿಯಿಂದ ಬಂದ ಹುಡುಗನಿಗೆ ಅವನ ಸಮುದಾಯ ಅನ್ನ ಹಾಕಿತು, ಮಲಗಲು ಜಾಗ ಕೊಟ್ಟಿತು. ಓದಬೇಕಾದರೆ ಹಿಂದೆ ಒಂದು ಸಮುದಾಯ ಇರಬೇಕು ಎಂಬುದು ಮೈಸೂರಿನ ಅನುಭವ.

ಹಾಗಾದರೆ ಹಿಂದೆ ನಿಲ್ಲುವ ಸಮುದಾಯವೇ ಇಲ್ಲದವನ ಗತಿಯೇನು? ಈ ಪ್ರಶ್ನೆಗೆ ಹಳೆಯ ಮೈಸೂರಿನ ಇತಿಹಾಸದಲ್ಲಿ ಉತ್ತರವಿದೆ. ಬೆರಳೆಣಿಕೆಯಷ್ಟಿದ್ದ ಯಹೂದಿಗಳಿಗೆ ಇಲ್ಲಿ ಆಸರೆ ಕೊಟ್ಟವರು ಬಹುಪಾಲು ಅವರ ಮತದವರಲ್ಲ.

ಶ್ರೀರಂಗಪಟ್ಟಣದ ಸೆರೆಯಾಳು

ಕತೆ ಆರಂಭವಾಗುವುದು ಮೈಸೂರಿಗೆ ಕೂಗಳತೆಯಲ್ಲಿರುವ ಶ್ರೀರಂಗಪಟ್ಟಣದಿಂದ. ಕೊಂಕಣ ಕರಾವಳಿಯಲ್ಲಿ ಶತಮಾನಗಳಿಂದ ನೆಲೆಸಿದ್ದ ಯಹೂದಿಗಳು ತಮ್ಮನ್ನು 'ಬೆನೆ ಇಸ್ರೇಲ್' ಎಂದು ಕರೆದುಕೊಳ್ಳುತ್ತಿದ್ದರು. ಮರಾಠಿ ಆಡುತ್ತಿದ್ದ ಅವರ ಕುಲಕಸುಬು ಎಣ್ಣೆ ತೆಗೆಯುವುದು. ಶನಿವಾರ ಗಾಣ ಕಟ್ಟದ ಕಾರಣ ಊರವರು ಅವರನ್ನು 'ಶನಿವಾರ ತೇಲಿ'ಗಳು ಎನ್ನುತ್ತಿದ್ದರು. ಅವರಲ್ಲಿ ಹಲವರು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಸೇರಿದರು. ಅಂಥವರಲ್ಲಿ ಒಬ್ಬ ಸಾಮಾಜಿ ಹಸಾಜಿ ದಿವೇಕರ್; ಇಂಗ್ಲಿಷ್ ದಾಖಲೆಗಳಲ್ಲಿ ಸ್ಯಾಮ್ಯುಯೆಲ್ ದಿವೇಕರ್. ಎರಡನೆಯ ಮೈಸೂರು ಯುದ್ಧದಲ್ಲಿ ಆತ ಟಿಪ್ಪು ಸುಲ್ತಾನನ ಕೈಗೆ ಸೆರೆ ಸಿಕ್ಕ.

ಬೆನೆ ಇಸ್ರೇಲಿಗಳ ಮನೆಗಳಲ್ಲಿ ತಲೆಮಾರುಗಳಿಂದ ಹೇಳಿಕೊಂಡು ಬಂದಿರುವ ಮಾತು ಹೀಗಿದೆ. ಸೆರೆಯಾಳುಗಳ ಮತ ಯಾವುದೆಂದು ವಿಚಾರಿಸಿದಾಗ ಅವರು ತಾವು ಬೆನೆ ಇಸ್ರೇಲ್ ಎಂದರು. ಆ ಹೆಸರು ಸುಲ್ತಾನನ ತಾಯಿಯ ಕಿವಿಗೆ ಬಿತ್ತು. ಕುರ್‌ಆನಿನಲ್ಲಿ ಮತ್ತೆ ಮತ್ತೆ ಬರುವ ಬನೀ ಇಸ್ರಾಯೀಲರನ್ನು ತಾನು ಕಂಡದ್ದು ಇದೇ ಮೊದಲು ಎಂದು ಆಕೆ ಬೆರಗಾಗಿ, ಅವರ ಜೀವ ಉಳಿಸುವಂತೆ ಮಗನಿಗೆ ಹೇಳಿದಳು. ಇದು ಜನರ ನೆನಪಿನ ಕತೆ, ದಫ್ತರದ ಕಾಗದವಲ್ಲ. ಆದರೂ ಒಂದು ಸಣ್ಣ ಸಮುದಾಯ ತನ್ನ ಸೆರೆಯ ಕತೆಯಲ್ಲಿ ದ್ವೇಷವನ್ನು ಉಳಿಸಿಕೊಳ್ಳದೆ ಒಬ್ಬ ತಾಯಿಯ ಕರುಣೆಯನ್ನು ಉಳಿಸಿಕೊಂಡಿತು ಎಂಬುದು ಗಮನಿಸತಕ್ಕ ವಿಷಯ. ಆ ತಾಯಿ ಫಾತಿಮಾ ಫಖ್ರುನ್ನಿಸಾ ಇಂದು ಗಂಡ ಹೈದರಾಲಿ ಹಾಗೂ ಮಗ ಟಿಪ್ಪುವಿನೊಂದಿಗೆ ಗಂಜಾಂನ ಗುಂಬಜ್‌ನಲ್ಲಿ ವಿಶ್ರಮಿಸುತ್ತಿದ್ದಾಳೆ.

ಜೀವಂತ ಹಿಂದಿರುಗಿದರೆ ಪ್ರಾರ್ಥನಾಲಯ ಕಟ್ಟಿಸುತ್ತೇನೆಂದು ದಿವೇಕರ್ ಹರಕೆ ಹೊತ್ತಿದ್ದ. 1796ರಲ್ಲಿ ಅದನ್ನು ತೀರಿಸಿದ. ಅದು ಮುಂಬಯಿಯ ಮೊದಲ ಸಿನಗಾಗ್. ಅದರ ಹೀಬ್ರೂ ಹೆಸರಿಗೆ 'ಕರುಣೆಯ ದ್ವಾರ' ಎಂದರ್ಥ. ಈಗಿನ ಕಟ್ಟಡ 1860ರದು. ಅದಿರುವ ಬೀದಿಗೆ ಸ್ಯಾಮ್ಯುಯೆಲ್‌ನ ಹೆಸರೇ ಇದೆ. ಬೆನೆ ಇಸ್ರೇಲಿಗಳು ತಮ್ಮ ಪ್ರಾರ್ಥನಾಲಯವನ್ನು 'ಮಸೀದಿ' ಎಂದೇ ಕರೆಯುತ್ತಿದ್ದರು. ಹಾಗಾಗಿ ಇದು 'ಜೂನಿ ಮಸ್ಜಿದ್', ಅಂದರೆ ಹಳೆಯ ಮಸೀದಿ. ಪಕ್ಕದ ಮಸ್ಜಿದ್ ರೈಲು ನಿಲ್ದಾಣಕ್ಕೆ ಹೆಸರು ಬಂದದ್ದು ಇದರಿಂದಲೇ ಎಂಬ ಮಾತೂ ಇದೆ.

ಸತ್ತವರಿಗೆ ಆರಡಿ ನೆಲ

ಯಹೂದಿಗಳ ಸಾಮೂಹಿಕ ಪ್ರಾರ್ಥನೆಗೆ ಕನಿಷ್ಠ ಹತ್ತು ಮಂದಿ ವಯಸ್ಕ ಗಂಡಸರು ಬೇಕು. ಊರಿನಲ್ಲಿ ಹತ್ತು ಜನ ಸೇರದಿದ್ದರೆ ಸಮುದಾಯ ಇದ್ದೂ ಇಲ್ಲದಂತೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬೆಂಗಳೂರಿನಲ್ಲಿದ್ದ ಯಹೂದಿಗಳು ಕೆಲವೇ ಮನೆಯವರು: ಒಂದಿಷ್ಟು ಸೈನಿಕರು, ಒಂದಿಷ್ಟು ವ್ಯಾಪಾರಿಗಳು. ಮುಂದೆ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಪಾದರಕ್ಷೆಯ ಅಂಗಡಿಯಿಂದ ಹೆಸರಾದ ರೂಬಿನ್ ಮೋಸೆಸ್ ಅವರ ಮನೆಯೇ ಹಬ್ಬದ ದಿನಗಳಲ್ಲಿ ಪ್ರಾರ್ಥನೆಯ ಜಾಗವಾಯಿತು.

ಬದುಕಿದ್ದಾಗ ಮನೆಯೊಂದರಲ್ಲಿ ಕೂಡಿ ಪ್ರಾರ್ಥಿಸಬಹುದು. ಸತ್ತಾಗ ಮಣ್ಣಿಗೆ ಜಾಗ ಬೇಕಲ್ಲ? 1904ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ ಆ ಜಾಗ ಕೊಟ್ಟಿತು. ಮೈಸೂರು ರಸ್ತೆಯ ಬಳಿ ಇಂದಿಗೂ ಇರುವ ಆ ಸಣ್ಣ ಸ್ಮಶಾನ ಸಂಸ್ಥಾನದ ಯಹೂದಿಗಳಿಗೆ ದೊರೆತ ಸ್ವಂತ ನೆಲ. ಮತ ಹಾಕುವ ಬಲವಾಗಲಿ, ಗದ್ದಲ ಮಾಡುವ ಬಲವಾಗಲಿ ಇಲ್ಲದ ಜನಕ್ಕೆ ಅರಸು ತೋರಿದ ಗೌರವ ಇದು.

ಶೇಕಡಾ ಒಂದೂವರೆ

1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ ಮೂರೇ ತಿಂಗಳಲ್ಲಿ ಜರ್ಮನಿಯ ವಿಶ್ವವಿದ್ಯಾನಿಲಯಗಳ ಬಾಗಿಲು ಮುಚ್ಚತೊಡಗಿತು. ಏಪ್ರಿಲ್ 7ರ ಕಾನೂನು ಯಹೂದಿ ಅಧ್ಯಾಪಕರನ್ನೂ ನೌಕರರನ್ನೂ ಕೆಲಸದಿಂದ ತೆಗೆಯಿತು. ಏಪ್ರಿಲ್ 25ರ ಕಾನೂನು ವಿದ್ಯಾರ್ಥಿಗಳನ್ನು ಹಿಡಿಯಿತು. ಹೊಸದಾಗಿ ಸೇರುವವರಲ್ಲಿ ಯಹೂದಿಗಳು ಶೇಕಡಾ 1.5ನ್ನು ಮೀರಕೂಡದು. 'ಶಾಲೆಗಳಲ್ಲಿ ನೂಕುನುಗ್ಗಲು ತಡೆಯಲು' ಎಂದು ಅದಕ್ಕೆ ಕೊಟ್ಟ ಕಾರಣ.

ಇಲ್ಲಿ ಒಂದು ಹೋಲಿಕೆ ಮಾಡಬೇಕು. ಸಮುದಾಯವಾರು ಲೆಕ್ಕ ಹಾಕಿದ್ದು ಮೈಸೂರು ಸಂಸ್ಥಾನವೂ ಹೌದು. 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿ ಯಾವ ಸಮುದಾಯದವರು ಎಷ್ಟು ಮಂದಿ ಓದಿದ್ದಾರೆ, ಎಷ್ಟು ಮಂದಿ ನೌಕರಿಯಲ್ಲಿದ್ದಾರೆ ಎಂದು ಎಣಿಸಿತು. ಅದರ ಶಿಫಾರಸಿನ ಮೇಲೆ ಮುಸ್ಲಿಮರೂ ಸೇರಿದಂತೆ ಹಿಂದುಳಿದವರಿಗೆ ವಿದ್ಯಾರ್ಥಿವೇತನ, ನೌಕರಿಯ ಪಾಲು ದೊರೆಯಿತು. ಎಣಿಸಿದ್ದು ಇಬ್ಬರೂ. ಒಬ್ಬರು ಹೊರಗಿದ್ದವರನ್ನು ಒಳಗೆ ತರಲು, ಇನ್ನೊಬ್ಬರು ಒಳಗಿದ್ದವರನ್ನು ಹೊರಗೆ ಹಾಕಲು. ಜನಗಣತಿಯ ಅಂಕಿಗೆ ತನ್ನದೇ ನೀತಿ ಇರುವುದಿಲ್ಲ. ಅದನ್ನು ಹಿಡಿದ ಕೈಗೆ ಇರಬೇಕು.

ಗೋಟಿಂಗೆನ್ ಜರ್ಮನಿಯ ಹೆಸರಾಂತ ವಿದ್ಯಾನಗರಿ. ಅಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಮ್ಯಾಕ್ಸ್ ಬಾರ್ನ್ ಅವರನ್ನು ಅದೇ ಏಪ್ರಿಲ್‌ನಲ್ಲಿ ಅಮಾನತು ಮಾಡಲಾಯಿತು. ಹೈಸೆನ್‌ಬರ್ಗ್ ಅವರ ಸಹಾಯಕರಾಗಿದ್ದವರು, ಓಪನ್‌ಹೈಮರ್ ಅವರ ಶಿಷ್ಯ. ಅವರ ಗೆಳೆಯ, ನೊಬೆಲ್ ಪಡೆದಿದ್ದ ಜೇಮ್ಸ್ ಫ್ರಾಂಕ್ ಪ್ರತಿಭಟಿಸಿ ರಾಜೀನಾಮೆ ಕೊಟ್ಟಾಗ ಅದೇ ವಿಶ್ವವಿದ್ಯಾನಿಲಯದ 42 ಅಧ್ಯಾಪಕರು ಆ ರಾಜೀನಾಮೆಯನ್ನೇ ದೇಶಕ್ಕೆ ಮಾಡಿದ ಕೇಡೆಂದು ಖಂಡಿಸಿ ಸಹಿ ಹಾಕಿದರು. ವಿದ್ಯೆ ತಾನಾಗಿಯೇ ಮನುಷ್ಯನನ್ನು ದೊಡ್ಡವನನ್ನಾಗಿ ಮಾಡುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಬಾರ್ನ್ ಕೇಂಬ್ರಿಜ್‌ಗೆ ಹೋದರು. ಅಲ್ಲಿದ್ದದ್ದು ತಾತ್ಕಾಲಿಕ ಕೆಲಸ. ಆಗ ಬೆಂಗಳೂರಿನಿಂದ ಕರೆ ಬಂತು. ಕರೆದವರು ಟಾಟಾ ಇನ್‌ಸ್ಟಿಟ್ಯೂಟಿನ ನಿರ್ದೇಶಕ ಸರ್ ಸಿ.ವಿ. ರಾಮನ್. 1935ರ ಕೊನೆಯಲ್ಲಿ ಬಾರ್ನ್ ದಂಪತಿಗಳು ಬಂದು ಸುಮಾರು ಆರು ತಿಂಗಳು ಇದ್ದರು. ರಾಮನ್ ಅವರಿಗೆ ಕಾಯಂ ಪ್ರಾಧ್ಯಾಪಕ ಹುದ್ದೆ ಕೊಡಿಸಲು ಯತ್ನಿಸಿದರು. ಆದರೆ ಅಧ್ಯಾಪಕರ ಸಭೆಯಲ್ಲಿ ಆಸ್ಟನ್ ಎಂಬ ಇಂಗ್ಲಿಷ್ ಪ್ರೊಫೆಸರ್ ಎದ್ದುನಿಂತು, ತನ್ನ ದೇಶದಿಂದಲೇ ಓಡಿಸಲ್ಪಟ್ಟ ಎರಡನೆಯ ದರ್ಜೆಯ ಪರದೇಶಿ ನಮಗೆ ಸಾಲದು ಎಂಬರ್ಥದ ಮಾತನಾಡಿದರು. ಬಾರ್ನ್ ಅದೇ ಸಭೆಯಲ್ಲಿ ಕುಳಿತಿದ್ದರು. ಮನೆಗೆ ಬಂದು ಹೆಂಡತಿಯೆದುರು ಅತ್ತೆನೆಂದು ಅವರು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಹುದ್ದೆ ಸಿಗಲಿಲ್ಲ. 1936ರಲ್ಲಿ ಎಡಿನ್‌ಬರೊ ಅವರನ್ನು ಕರೆಸಿಕೊಂಡಿತು, 1954ರಲ್ಲಿ ನೊಬೆಲ್ ಬಂತು. ಬೆಂಗಳೂರು ಕಳೆದುಕೊಂಡದ್ದು ಎಂಥವರನ್ನು ಎಂದು ಆಗ ತಿಳಿಯಿತು.

ದಿವಾನರ ಆಹ್ವಾನ

ಆ ಆರು ತಿಂಗಳು ವ್ಯರ್ಥವಾಗಲಿಲ್ಲ. ಬಾರ್ನ್ ಅವರಿಗೆ ಮೈಸೂರಿನ ದಿವಾನ ಸರ್ ಮಿರ್ಜಾ ಇಸ್ಮಾಯಿಲ್ ಅವರ ಸ್ನೇಹ ದೊರೆಯಿತು. ಬಾರ್ನ್ ಅವರ ಸೋದರಳಿಯ ಓಟೋ ಕೋನಿಗ್ಸ್‌ಬರ್ಗರ್ ಬರ್ಲಿನ್‌ನಲ್ಲಿ ಓದಿದ ತರುಣ ವಾಸ್ತುಶಿಲ್ಪಿ. ಹೆಸರಾಂತ ಷಿಂಕೆಲ್ ಬಹುಮಾನ ಪಡೆದ 1933ರಲ್ಲೇ ಯಹೂದಿಯೆಂಬ ಕಾರಣಕ್ಕೆ ಸರ್ಕಾರಿ ಕೆಲಸ ಕಳೆದುಕೊಂಡು ಈಜಿಪ್ಟ್ ಸೇರಿದ್ದರು. 1939ರಲ್ಲಿ ಮಿರ್ಜಾ ಅವರನ್ನು ಕರೆಸಿ ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯನ್ನಾಗಿ ನೇಮಿಸಿದರು. ಅದೇ ಕಾಲದಲ್ಲಿ, 1934ರಲ್ಲಿ ಹುಟ್ಟಿದ ಮುಂಬಯಿಯ ಯಹೂದಿ ಪರಿಹಾರ ಸಂಘ ನಿರಾಶ್ರಿತರಿಗೆ ಜಾಮೀನು ನಿಂತು, ಕೆಲಸ ಹುಡುಕಿಕೊಡಲು ಹೆಣಗುತ್ತಿತ್ತು. ಅಂಥ ದಿನಗಳಲ್ಲಿ ಒಂದು ಸಂಸ್ಥಾನ ತಾನಾಗಿ ಕರೆದು ದೊಡ್ಡ ಹುದ್ದೆ ಕೊಟ್ಟದ್ದು ಸಣ್ಣ ಮಾತಲ್ಲ.

ಗುಮ್ಮಟ, ಅಲಂಕಾರಗಳ ಮೇಲೆ ಪ್ರೀತಿಯಿದ್ದ ದಿವಾನರಿಗೂ, ಗಾಳಿ ಬೆಳಕಿನ ಲೆಕ್ಕ ಹಾಕಿ ಸರಳವಾಗಿ ಕಟ್ಟಬೇಕೆನ್ನುತ್ತಿದ್ದ ವಾಸ್ತುಶಿಲ್ಪಿಗೂ ರುಚಿಭೇದವಿತ್ತು. ಆದರೂ ಕೆಲಸ ನಡೆಯಿತು. ಬಸವನಗುಡಿಯ ಕೃಷ್ಣರಾವ್ ಪಾರ್ಕಿನ ಮಂಟಪ ಅವರದು. ಟಾಟಾ ಇನ್‌ಸ್ಟಿಟ್ಯೂಟಿನ ವಿಮಾನಯಾನ ಶಾಸ್ತ್ರ ವಿಭಾಗದ ಕಟ್ಟಡವೂ, ವಿದ್ಯಾರ್ಥಿಗಳ ಊಟದ ಸಭಾಂಗಣವೂ ಅವರ ನಕ್ಷೆಯವೇ. ಸೋದರಮಾವನಿಗೆ ಕುರ್ಚಿ ಕೊಡದ ವಿದ್ಯಾಸಂಸ್ಥೆಯ ಹುಡುಗರಿಗೆ ಅಳಿಯ ಕೂತು ಉಣ್ಣುವ ಜಾಗ ಕಟ್ಟಿದ. ಸ್ವಾತಂತ್ರ್ಯಾನಂತರ ಭುವನೇಶ್ವರ ನಗರದ ಯೋಜನೆ ರೂಪಿಸಿದ್ದೂ ಅವರೇ. 1951ರಲ್ಲಿ ಲಂಡನ್ ಸೇರಿ, ಬಿಸಿಲು ನಾಡುಗಳಲ್ಲಿ ಮನೆ ಕಟ್ಟುವ ವಿದ್ಯೆಯನ್ನು ಹಲವು ದೇಶಗಳ ವಿದ್ಯಾರ್ಥಿಗಳಿಗೆ ಕಲಿಸಿದರು. ಅದರ ಮೊದಲ ಪಾಠಗಳನ್ನು ಅವರು ಕಲಿತ ನೆಲಗಳಲ್ಲಿ ಮೈಸೂರೂ ಒಂದು.

ಮಿರ್ಜಾ ಇಸ್ಮಾಯಿಲ್ ಯಾರು ಎಂಬುದನ್ನೂ ನೆನೆಯಬೇಕು. ಅವರ ಅಜ್ಜ ಅಲಿ ಅಸ್ಕರ್ ಇರಾನಿನ ಶಿರಾಜ್‌ನಿಂದ ಕುದುರೆ ಮಾರಲು ಬಂದು ಬೆಂಗಳೂರಿನಲ್ಲಿ ನೆಲೆನಿಂತವರು. ಆ ಕುದುರೆ ವ್ಯಾಪಾರಿಯ ಮೊಮ್ಮಗ ಅರಸರ ಸಹಪಾಠಿಯಾದ, 1926ರಲ್ಲಿ ದಿವಾನನಾದ. ಪರದೇಶಿಯಾಗಿ ಬಂದವರ ಮನೆಯ ಮಗನಿಗೆ ಪರದೇಶಿಯ ಕಷ್ಟ ಗೊತ್ತಿತ್ತು ಎಂದರೆ ಅತಿಶಯೋಕ್ತಿಯಾಗಲಾರದು.

ಇಂದು ಪ್ಯಾಲೆಸ್ತೀನಿನ ಸುದ್ದಿ ಓದಿ ಮನಸ್ಸು ಉರಿಯುವಾಗ ಈ ಇತಿಹಾಸ ನೆನಪಿಡುವುದು ಸುಲಭವಲ್ಲ. ಆದರೆ ಒಂದು ಸರ್ಕಾರದ ಅನ್ಯಾಯವನ್ನು ಆ ಮತದ ಎಲ್ಲರ ತಲೆಗೆ ಕಟ್ಟುವುದು ತಪ್ಪು. ಎಲ್ಲೋ ಯಾರೋ ಮಾಡಿದ್ದಕ್ಕೆ ನಮ್ಮ ಹುಡುಗರು ಇಲ್ಲಿ ಉತ್ತರ ಹೇಳಬೇಕಾಗಿ ಬಂದಾಗ ಅದರ ನೋವು ನಮಗೇ ತಿಳಿದಿದೆ. ಇಂದಿಗೂ ಓದಲು ನಗರಕ್ಕೆ ಬಂದ ಎಷ್ಟೋ ವಿದ್ಯಾರ್ಥಿಗಳಿಗೆ ಹೆಸರು ಹೇಳಿದ ಕೂಡಲೇ ಬಾಡಿಗೆ ಕೋಣೆ ಇಲ್ಲವಾಗುತ್ತದೆ. ನಮ್ಮವರಿಗೆ ನಾವು ಹಾಸ್ಟೆಲ್ ಕಟ್ಟುವುದು ಒಳ್ಳೆಯದೇ. ನಮ್ಮವರಲ್ಲದವರಿಗೆ ನಮ್ಮ ಬಾಗಿಲು ತೆರೆದಿದೆಯೇ ಎಂಬುದು ಶ್ರೀರಂಗಪಟ್ಟಣದ ತಾಯಿಯೂ ಮೈಸೂರಿನ ದಿವಾನನೂ ನಮಗೆ ಬಿಟ್ಟುಹೋದ ಪ್ರಶ್ನೆ.