ಮೌಸ್ ಗುಂಡಿ ಒಂದೆಡೆ ನಡೆದು ಇನ್ನೊಂದೆಡೆ ಕೈಕೊಟ್ಟರೆ?

ಬಾಬಾಬುಡನ್‌ಗಿರಿಯ ತಪ್ಪಲಿನ ಕಾಫಿ ತೋಟಗಳಲ್ಲಿ ಹಣ್ಣಿನ ಕೊಯ್ಲು ಬಿರುಸಾದಾಗ ತೋಟದ ಕಚೇರಿಗೂ ಬಿಡುವಿರುವುದಿಲ್ಲ. ವಾರದ ಬಟವಾಡೆಗೆ ಮುನ್ನ ಕೂಲಿಕಾರರ ಹಾಜರಿ, ಕೊಯ್ದ ಹಣ್ಣಿನ ತೂಕ, ಪಡೆದ ಮುಂಗಡ ಎಲ್ಲವೂ ಗಣಕಕ್ಕೆ ಏರಬೇಕು. ನಕಲು, ಅಂಟಿಸುವಿಕೆ, ಹಿಂದಿನ ಪರದೆಗೆ ಮರಳುವಿಕೆ ಮುಂತಾದ ಆದೇಶಗಳನ್ನು ಮೌಸ್‌ನ ಪಕ್ಕದ ಗುಂಡಿಗಳಿಗೆ ವಹಿಸಿಕೊಂಡ ರೈಟರಿಗೆ ಈ ಕೆಲಸ ಹಗುರ. ಆದರೆ ಬ್ರೌಸರ್‌ನಲ್ಲಿ ಚೆನ್ನಾಗಿ ನಡೆಯುವ ಗುಂಡಿ ಲೆಕ್ಕದ ತಂತ್ರಾಂಶದಲ್ಲಿ ಸುಮ್ಮನಾದರೆ? ಹೊಸ ಮೌಸ್ ಕೊಳ್ಳುವ ಮೊದಲು ಕೆಳಗಿನ ಅಂಶಗಳನ್ನು ಪರೀಕ್ಷಿಸುವುದು ಒಳಿತು. ಒಂದು ತಂತ್ರಾಂಶದಲ್ಲಿ ನಡೆಯುವ ಗುಂಡಿಯ ಯಂತ್ರಾಂಶ ಸಾಮಾನ್ಯವಾಗಿ ಕೆಟ್ಟಿರುವುದಿಲ್ಲ.

ಆದೇಶ ಅರ್ಥವಾಗದಿರುವುದು

ನಾಲ್ಕನೆಯ ಹಾಗೂ ಐದನೆಯ ಗುಂಡಿಗಳನ್ನು ವಿಂಡೋಸ್ 2000ದ ಆವೃತ್ತಿಯಿಂದಲೇ ಗುರುತಿಸುತ್ತದೆ. ಗುಂಡಿ ಒತ್ತಿದ ಸಂಗತಿ ತಂತ್ರಾಂಶಕ್ಕೆ ತಲುಪಿದರೂ ಅದಕ್ಕೆ ಏನು ಮಾಡಬೇಕೆಂಬುದನ್ನು ಆ ತಂತ್ರಾಂಶವೇ ನಿರ್ಧರಿಸಬೇಕು. ಬ್ರೌಸರ್ ಅದನ್ನು 'ಹಿಂದಕ್ಕೆ' ಎಂದು ಅರ್ಥೈಸುತ್ತದೆ. ಎಲ್ಲ ತಂತ್ರಾಂಶಗಳೂ ಹಾಗಲ್ಲ. ಉದಾಹರಣೆಗೆ, ಟ್ಯಾಲಿಯಲ್ಲಿ ಹಿಂದಿನ ಪರದೆಗೆ ಮರಳಲು ಬಳಸುವುದು ಎಸ್ಕೇಪ್ ಕೀಲಿ. ಅಂತಹ ಕಡೆ 'ಹಿಂದಕ್ಕೆ' ಎಂಬ ಆದೇಶದ ಬದಲು ಎಸ್ಕೇಪ್ ಕೀಲಿಯನ್ನೇ ಗುಂಡಿಗೆ ವಹಿಸಬೇಕು.

ಅಧಿಕಾರದ ಅಂತರ

ಬಹುಮಂದಿಯ ಗಮನಕ್ಕೆ ಬಾರದ ಕಾರಣವಿದು. ವಿಂಡೋಸ್ ವಿಸ್ತಾದಿಂದ ಮೊದಲ್ಗೊಂಡು, ಸಾಮಾನ್ಯ ಅಧಿಕಾರದಲ್ಲಿ ನಡೆಯುವ ತಂತ್ರಾಂಶವು 'ಅಡ್ಮಿನಿಸ್ಟ್ರೇಟರ್' ಅಧಿಕಾರದಲ್ಲಿ ನಡೆಯುವ ತಂತ್ರಾಂಶಕ್ಕೆ ಕೃತಕ ಕೀಲಿಯೊತ್ತನ್ನು ಕಳುಹಿಸಲಾಗದು. ಕುತಂತ್ರಾಂಶಗಳನ್ನು ತಡೆಯಲು ಹಾಕಿದ ಬೇಲಿಯಿದು. ಮೌಸ್‌ನ ತಂತ್ರಾಂಶವೂ ಇದಕ್ಕೆ ಸಿಲುಕುತ್ತದೆ. ಲೆಕ್ಕದ ತಂತ್ರಾಂಶದ ಚಿಹ್ನೆಯ ಮೇಲೆ ಬಲಗುಂಡಿ ಒತ್ತಿ, 'ಪ್ರಾಪರ್ಟೀಸ್'ನ 'ಕಂಪ್ಯಾಟಿಬಿಲಿಟಿ' ಪುಟದಲ್ಲಿ 'ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್' ಗುರುತಾಗಿದೆಯೇ ನೋಡಿ. ಅಗತ್ಯವಿಲ್ಲದಿದ್ದರೆ ಗುರುತು ತೆಗೆಯಿರಿ. ಅಗತ್ಯವಿದ್ದರೆ ಮೌಸ್‌ನ ತಂತ್ರಾಂಶವನ್ನೂ ಅದೇ ಅಧಿಕಾರದಲ್ಲಿ ನಡೆಸಬೇಕು. ಆದರೆ ಅದು ನಂಬಿಕಸ್ಥ ಮೂಲದಿಂದ ಬಂದದ್ದಾಗಿರಲಿ.

ಇನ್ನೊಂದು ಮಾರ್ಗವೂ ಉಂಟು. ಕೆಲವು ಮೌಸ್‌ಗಳು ತಮ್ಮೊಳಗಿನ ಸ್ಮೃತಿಯಲ್ಲೇ ಗುಂಡಿಯ ಹೊಂದಿಕೆಯನ್ನು ಉಳಿಸಿಕೊಳ್ಳುತ್ತವೆ. ಅವು ಕಳುಹಿಸುವ ಕೀಲಿಯೊತ್ತನ್ನು ಗಣಕವು ನಿಜವಾದ ಕೀಲಿಮಣೆಯಿಂದ ಬಂದುದೆಂದೇ ಭಾವಿಸುವುದರಿಂದ ಈ ಬೇಲಿ ಅಡ್ಡಬರುವುದಿಲ್ಲ.

ತಂತ್ರಾಂಶವಾರು ಹೊಂದಿಕೆ

ಒಂದೊಂದು ತಂತ್ರಾಂಶಕ್ಕೆ ಒಂದೊಂದು ಹೊಂದಿಕೆ ಮಾಡಿಕೊಳ್ಳುವ ಸೌಲಭ್ಯವಿದ್ದಲ್ಲಿ, ಮೌಸ್‌ನ ತಂತ್ರಾಂಶವು ಕಡತದ ಹೆಸರನ್ನೋ ಅದಿರುವ ಸ್ಥಳವನ್ನೋ ನೋಡಿ ಗುರುತು ಹಿಡಿಯುತ್ತದೆ. ಹೊಸ ಆವೃತ್ತಿ ಸ್ಥಾಪಿಸಿದಾಗ ಇವು ಬದಲಾದರೆ ಹಳೆಯ ಹೊಂದಿಕೆ ಅನ್ವಯವಾಗದು. ತಂತ್ರಾಂಶವನ್ನು ಪಟ್ಟಿಗೆ ಮತ್ತೆ ಸೇರಿಸಿದರೆ ಸಮಸ್ಯೆ ಬಗೆಹರಿಯುತ್ತದೆ.

ದೂರದ ಗಣಕ

ತೋಟದಲ್ಲಿ ಕುಳಿತು ಚಿಕ್ಕಮಗಳೂರಿನ ಕಚೇರಿಯ ಗಣಕವನ್ನು 'ರಿಮೋಟ್ ಡೆಸ್ಕ್‌ಟಾಪ್' ಮೂಲಕ ಬಳಸುವವರು 'ಲೋಕಲ್ ರಿಸೋರ್ಸಸ್' ಪುಟದ ಕೀಲಿಮಣೆ ವಿಭಾಗವನ್ನು ನೋಡಬೇಕು. ಆಲ್ಟ್-ಟ್ಯಾಬ್‌ನಂತಹ ಸಂಯೋಜನೆಗಳು ಈ ಗಣಕಕ್ಕೋ ಆ ಗಣಕಕ್ಕೋ ಅನ್ವಯಿಸಬೇಕೆಂಬುದು ಅಲ್ಲಿ ತೀರ್ಮಾನವಾಗುತ್ತದೆ.

ಕನ್ನಡ ಬೆರಳಚ್ಚು

'ನುಡಿ'ಯಲ್ಲಿ ಕನ್ನಡ ಮತ್ತು ಇಂಗ್ಲಿಷ್ ನಡುವೆ ಬದಲಾಯಿಸಲು ಸ್ಕ್ರೋಲ್ ಲಾಕ್ ಕೀಲಿಯ ಬಳಕೆ ರೂಢಿಯಲ್ಲಿದೆ. ಆ ಕೀಲಿಯಿಲ್ಲದ ಲ್ಯಾಪ್‌ಟಾಪ್‌ಗಳಲ್ಲಿ ಅದನ್ನು ಮೌಸ್ ಗುಂಡಿಗೆ ವಹಿಸಿ ನೋಡಬಹುದು. ಆದರೆ ಒಂದು ಎಚ್ಚರಿಕೆ: ಅಕ್ಷರಗಳನ್ನು ತಾನಾಗಿ ಒತ್ತುವಂತೆ ಗುಂಡಿಯನ್ನು ಹೊಂದಿಸಿದ್ದರೆ, ಕನ್ನಡ ಕೀಲಿಮಣೆ ಸಕ್ರಿಯವಾಗಿರುವಾಗ ಅವೇ ಕೀಲಿಗಳು ಬೇರೆ ಅಕ್ಷರಗಳನ್ನು ಮೂಡಿಸಬಹುದು.

ಮ್ಯಾಕ್ ಬಳಸುವವರು 'ಪ್ರೈವಸಿ ಆ್ಯಂಡ್ ಸೆಕ್ಯುರಿಟಿ'ಯ 'ಆ್ಯಕ್ಸೆಸಿಬಿಲಿಟಿ' ಪಟ್ಟಿಯಲ್ಲಿ ಮೌಸ್‌ನ ತಂತ್ರಾಂಶಕ್ಕೆ ಅನುಮತಿ ಇದೆಯೇ ಎಂದು ಖಚಿತಪಡಿಸಿಕೊಳ್ಳಬೇಕು.

ಕೊನೆಯದಾಗಿ

ಒಮ್ಮೆಗೆ ಒಂದೇ ಬದಲಾವಣೆ ಮಾಡಿ, ಪ್ರತಿ ಸಲವೂ ಪರೀಕ್ಷಿಸಿ. ಪರೀಕ್ಷೆ ನಿಜವಾದ ಲೆಕ್ಕದ ಮೇಲೆ ಬೇಡ, ಅದರ ಪ್ರತಿಯ ಮೇಲಿರಲಿ. ಅಳಿಸುವ ಆದೇಶವನ್ನು ಹೆಬ್ಬೆರಳಿಗೆ ತಾಗುವ ಗುಂಡಿಗೆ ವಹಿಸಲೇಬಾರದು. ಸುಮ್ಮನಿರುವ ಗುಂಡಿಯಿಂದ ಹೋಗುವುದು ಹೊತ್ತು ಮಾತ್ರ. ತಪ್ಪಾಗಿ ನಡೆದ ಗುಂಡಿಯಿಂದ ದಿನವಿಡೀ ಹಣ್ಣು ಕೊಯ್ದವರ ಕೂಲಿಯೇ ಲೆಕ್ಕದಿಂದ ಜಾರಿಹೋದೀತು.