ಒಪ್ಪಿಸದ ಲೈಸೆನ್ಸ್: ಅನರ್ಹ ಚಾಲಕರನ್ನು ಕುರಿತು ಮಾಸ್ತಿ ಸೀಮೆಯಿಂದ ಒಂದು ಟಿಪ್ಪಣಿ

ಲೈಸೆನ್ಸ್ ಹೊಂದಲು ಅನರ್ಹನೆಂದು ಆದೇಶವಾದ ಚಾಲಕ ತನ್ನ ಲೈಸೆನ್ಸನ್ನು ಕೂಡಲೇ ಪ್ರಾಧಿಕಾರಕ್ಕೆ ಒಪ್ಪಿಸಬೇಕು ಎನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆಯ 19ನೇ ಕಲಂ. ಅನರ್ಹತೆಯ ಅವಧಿ ಮುಗಿಯುವವರೆಗೆ ಅದು ಕಚೇರಿಯ ವಶದಲ್ಲಿರುತ್ತದೆ. 1939ರ ಕಾಯ್ದೆಯ 15ನೇ ಕಲಮಿನಲ್ಲೂ ಇದೇ ನಿಯಮವಿತ್ತು. ಚಾಲಕ ಒಪ್ಪಿಸದೆ ಸುಮ್ಮನಿದ್ದರೆ ಏನಾಗುತ್ತದೆ ಎಂಬುದನ್ನು ಮಾಸ್ತಿ ಹೋಬಳಿಯಂಥ ಜಾಗದಲ್ಲಿ ನಿಂತು ಕೇಳಬೇಕಾಗಿದೆ.

ಮಾಸ್ತಿ ಇರುವುದು ಮಾಲೂರು ತಾಲ್ಲೂಕಿನಲ್ಲಿ. ಲೈಸೆನ್ಸ್ ಅಮಾನತು ಮಾಡುವ ಆರ್‌ಟಿಒ ಕಚೇರಿ ಇರುವುದು ಕೋಲಾರದಲ್ಲಿ. ರಸ್ತೆಯಲ್ಲಿ ಗಾಡಿ ತಡೆದು ನೋಡುವ ಅಧಿಕಾರ ಮಾಸ್ತಿ ಠಾಣೆಯದು. ಮಾಲೂರಿನ ಇಟ್ಟಿಗೆ, ಹೆಂಚು, ಕೋಲಾರ ಮಂಡಿಗೆ ಹೋಗುವ ಟೊಮ್ಯಾಟೊ, ಬಾಗಲೂರು ದಾಟಿ ಹೊಸೂರಿನತ್ತ ಹೋಗುವ ಸರಕು, ಎಲ್ಲವೂ ಓಡಾಡುವುದು ಲಾರಿ, ಟಿಪ್ಪರ್, ಸಣ್ಣ ಗೂಡ್ಸ್ ಗಾಡಿಗಳಲ್ಲಿ. ಆದೇಶ ಒಂದು ಕಡೆ ಆಗುತ್ತದೆ, ತಪಾಸಣೆ ಇನ್ನೊಂದು ಕಡೆ ನಡೆಯುತ್ತದೆ, ಚಾಲಕನ ದುಡಿಮೆಯೋ ಮೂರನೆಯ ಕಡೆ.

ಒಪ್ಪಿಸದಿರುವುದಕ್ಕೆಂದೇ ಕಾಯ್ದೆಯಲ್ಲಿ ಪ್ರತ್ಯೇಕ ದಂಡವಿಲ್ಲ. ಬೇರೆ ಶಿಕ್ಷೆ ಹೇಳಿಲ್ಲದ ತಪ್ಪುಗಳಿಗೆಲ್ಲ ಅನ್ವಯಿಸುವ 177ನೇ ಕಲಂ ಇದಕ್ಕೂ ಅನ್ವಯಿಸುತ್ತದೆ. 2019ರ ತಿದ್ದುಪಡಿಯ ನಂತರವೂ ಅದರ ಮಿತಿ ಮೊದಲ ಸಲ 500 ರೂಪಾಯಿ, ಮತ್ತೆ ಮಾಡಿದರೆ 1,500. ಅನರ್ಹನಾಗಿದ್ದೂ ಗಾಡಿ ಓಡಿಸಿದರೆ ಮಾತ್ರ 182ನೇ ಕಲಂ ಬರುತ್ತದೆ: ಮೂರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಭಾರವಾದ ಶಿಕ್ಷೆ ಸ್ಟಿಯರಿಂಗ್ ಹಿಡಿದವನಿಗೆ. ಕಾರ್ಡನ್ನು ಜೇಬಿನಲ್ಲೇ ಇಟ್ಟುಕೊಂಡವನಿಗೆ ಹಗುರಾದದ್ದು. ಆದರೆ ಆ ಕಾರ್ಡ್ ತೋರಿಸಿಯೇ ಅವನು ತಪಾಸಣೆ ದಾಟುವುದು. ಕಾನೂನಿನ ಬಿರುಕು ಇಲ್ಲಿದೆ ಎಂದು ನನ್ನ ಅಭಿಪ್ರಾಯ.

ಕಾರ್ಡ್ ಯಾರ ಕೈಯಲ್ಲಿದ್ದರೂ 23ನೇ ಕಲಮಿನ ಪ್ರಕಾರ ಆದೇಶದೊಂದಿಗೆ ಲೈಸೆನ್ಸ್ ನಿರುಪಯುಕ್ತವಾಗುತ್ತದೆ. 21ನೇ ಕಲಂ ಇನ್ನೂ ಕಟುವಾದದ್ದು. ಅಪಾಯಕಾರಿ ಚಾಲನೆಗಾಗಿ ಹಿಂದೊಮ್ಮೆ ಶಿಕ್ಷೆಯಾದವನ ಮೇಲೆ, ಅಂಥದೇ ಚಾಲನೆಯಿಂದ ಸಾವು ಅಥವಾ ತೀವ್ರ ಗಾಯ ಉಂಟುಮಾಡಿದನೆಂದು ಕೇಸು ದಾಖಲಾದರೆ, ಆ ದಿನದಿಂದಲೇ ಆರು ತಿಂಗಳು ಲೈಸೆನ್ಸ್ ಅಮಾನತಾಗುತ್ತದೆ. ಅದನ್ನು ನ್ಯಾಯಾಲಯದ ಗಮನಕ್ಕೆ ತರುವ ಹೊಣೆ ಕೇಸು ದಾಖಲಿಸಿದ ಪೊಲೀಸ್ ಅಧಿಕಾರಿಯದು; ಲೈಸೆನ್ಸ್ ವಶಕ್ಕೆ ಪಡೆದು, ಷರಾ ಬರೆದು, ಪ್ರಾಧಿಕಾರಕ್ಕೆ ತಿಳಿಸುವುದು ನ್ಯಾಯಾಲಯದ ಕೆಲಸ. ಠಾಣೆಯಿಂದ ಆ ಪತ್ರ ನ್ಯಾಯಾಲಯಕ್ಕೆ ಹೋಗದಿದ್ದರೆ ಅಮಾನತು ಕಾಗದದಲ್ಲೇ ಉಳಿಯುತ್ತದೆ.

ಪೊಲೀಸರ ಪಾತ್ರಕ್ಕೂ ಮಿತಿಯಿದೆ. 2019ರಲ್ಲಿ ಸೇರಿದ 206(4)ರ ಪ್ರಕಾರ ಅತಿವೇಗ, ಕುಡಿದು ಚಾಲನೆ ಮುಂತಾದ ತಪ್ಪುಗಳಲ್ಲಿ ಅವರು ಲೈಸೆನ್ಸ್ ವಶಪಡಿಸಿಕೊಂಡು ಪ್ರಾಧಿಕಾರಕ್ಕೆ ಕಳಿಸಬೇಕು. ಆಗ ಕೊಡುವ ರಸೀದಿ ಚಾಲನೆಗೆ ಅನುಮತಿಯಲ್ಲ. ಆದರೆ ಅಮಾನತು ಮಾಡುವ ಅಧಿಕಾರ ಪೊಲೀಸರಿಗಿಲ್ಲವೆಂದು ಕಲ್ಕತ್ತಾ ಹೈಕೋರ್ಟ್ 2022ರಲ್ಲಿ ಸ್ಪಷ್ಟಪಡಿಸಿತು. ಚಾಲಕನ ಮಾತು ಕೇಳಿಯೇ ಪ್ರಾಧಿಕಾರ ಆದೇಶ ಮಾಡಬೇಕು; ಮೊದಲ ತಪ್ಪಿಗೆ ಮೂರು ತಿಂಗಳು. ಈ ವಿಚಾರಣೆಯ ಹಕ್ಕನ್ನು ಯಾವ ಅವಸರಕ್ಕೂ ಬಲಿಕೊಡಬಾರದು. ನ್ಯಾಯಮೂರ್ತಿ ಕೆ.ಎಸ್. ರಾಧಾಕೃಷ್ಣನ್ ನೇತೃತ್ವದ ಸುಪ್ರೀಂ ಕೋರ್ಟ್ ರಸ್ತೆ ಸುರಕ್ಷತಾ ಸಮಿತಿ ಕೆಂಪು ದೀಪ ದಾಟುವುದು, ಸರಕು ಗಾಡಿಯಲ್ಲಿ ಜನರನ್ನು ತುಂಬುವುದು, ಚಾಲನೆಯಲ್ಲಿ ಮೊಬೈಲ್ ಬಳಕೆ ಮೊದಲಾದವುಗಳಿಗೆ ಕನಿಷ್ಠ ಮೂರು ತಿಂಗಳ ಅಮಾನತನ್ನು 2015ರ ಆಗಸ್ಟ್‌ನಲ್ಲೇ ಸೂಚಿಸಿತ್ತು. ಕೂಲಿಯವರನ್ನು ಗೂಡ್ಸ್ ಗಾಡಿಯಲ್ಲಿ ತುಂಬಿ ತೋಟಗಳಿಗೆ ಕರೆದೊಯ್ಯುವ ನಮ್ಮ ಸೀಮೆಗೆ ಆ ಪಟ್ಟಿ ನೇರವಾಗಿ ತಟ್ಟುತ್ತದೆ.

2020ರ ಅಕ್ಟೋಬರ್ 1ರಿಂದ ಚಿತ್ರ ಬದಲಾಯಿತು. ಕೇಂದ್ರ ಮೋಟಾರು ವಾಹನ ನಿಯಮಗಳ ತಿದ್ದುಪಡಿಯಂತೆ, ಸರ್ಕಾರಿ ಪೋರ್ಟಲಿನಲ್ಲಿ ತಾಳೆಯಾದ ದಾಖಲೆಯನ್ನು ಕಾಗದದಲ್ಲಿ ಕೇಳುವಂತಿಲ್ಲ. ಅನರ್ಹಗೊಂಡ, ರದ್ದಾದ ಲೈಸೆನ್ಸುಗಳ ವಿವರ ದಿನಾಂಕದ ಕ್ರಮದಲ್ಲಿ ಪೋರ್ಟಲಿನಲ್ಲೇ ಕಾಣಬೇಕು. ಇದನ್ನು ನಾನು ದೊಡ್ಡ ಹೆಜ್ಜೆಯೆಂದು ಎಣಿಸುತ್ತೇನೆ. ಹಳೆಯ ಪುಸ್ತಕದ ಲೈಸೆನ್ಸಿನಲ್ಲಿ ಷರಾ ಬರೆಯಲು ಜಾಗವಿತ್ತು, ಈಗಿನ ಪ್ಲಾಸ್ಟಿಕ್ ಕಾರ್ಡಿನಲ್ಲಿ ಇಲ್ಲ. ಆದ್ದರಿಂದ ಷರಾ ಕಾಣಬೇಕಾದ ಜಾಗ ಪೋರ್ಟಲ್ ಒಂದೇ. ಬ್ರಿಟನ್ನಿನಲ್ಲಿ ಫೋಟೊ ಕಾರ್ಡಿನ ಜೊತೆಗಿದ್ದ ಕಾಗದದ ಭಾಗವನ್ನು 2015ರ ಜೂನ್ 8ರಂದು ಕೈಬಿಟ್ಟು, ದಂಡನೆಯ ವಿವರಗಳನ್ನು ಕಂಪ್ಯೂಟರ್ ದಾಖಲೆಗೇ ಬಿಟ್ಟರು. ನಮ್ಮಲ್ಲಿ ಮಾತ್ರ ಚೆಕ್‌ಪೋಸ್ಟಿನ ಕಣ್ಣು ಇನ್ನೂ ಕಾರ್ಡಿನ ಮೇಲೇ ನಿಲ್ಲುತ್ತದೆ. ಮೇಲೆ ಬರೆದ ತಾರೀಖು ಮುಗಿದಿಲ್ಲವೆಂದರೆ ಗಾಡಿ ಮುಂದೆ ಹೋಗುತ್ತದೆ.

ನಮ್ಮಂಥ ಗಡಿ ಸೀಮೆಗೆ ಪೋರ್ಟಲಿನ ದಾಖಲೆ ಇನ್ನೂ ಮುಖ್ಯ. ಒಬ್ಬನಿಗೆ ಒಂದೇ ಲೈಸೆನ್ಸ್ ಎನ್ನುತ್ತದೆ 6ನೇ ಕಲಂ. ಆದರೆ ಒಂದು ರಾಜ್ಯದ ಕಚೇರಿಯ ಕಡತ ಇನ್ನೊಂದಕ್ಕೆ ಕಾಣದ ಕಾಲದಲ್ಲಿ ಅದನ್ನು ಪರೀಕ್ಷಿಸುವ ಬಗೆ ಇರಲಿಲ್ಲ. ಈಗ ದೇಶದ ಲೈಸೆನ್ಸುಗಳ ‘ಸಾರಥಿ’ ಕಂಪ್ಯೂಟರ್ ದಾಖಲೆಯಲ್ಲಿ ಕೋಲಾರದ ಅಮಾನತು ಹೊಸೂರಿನ ಪೊಲೀಸರಿಗೂ ಕಾಣಬೇಕು. ಕಾಣಬೇಕೆಂದರೆ ಆದೇಶವಾದ ದಿನವೇ ಅದು ಅಲ್ಲಿ ದಾಖಲಾಗಬೇಕು. ಕಳೆದುಹೋಯಿತೆಂದು ನಕಲು ಲೈಸೆನ್ಸ್ ಪಡೆಯುವ ದಾರಿಯೂ ಇದರಿಂದಲೇ ಮುಚ್ಚುತ್ತದೆ.

ಇದೆಲ್ಲದರ ಹೊರೆ ಕೊನೆಗೆ ಬೀಳುವುದು ಅಪಘಾತಕ್ಕೀಡಾದವರ ಮೇಲೆ. ಅನರ್ಹ ಚಾಲಕ ಓಡಿಸುತ್ತಿದ್ದನೆಂಬುದು 150ನೇ ಕಲಮಿನಲ್ಲಿ ವಿಮಾ ಕಂಪನಿಗೆ ಸಿಗುವ ವಾದಗಳಲ್ಲೊಂದು. 2004ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ವಾದಕ್ಕೆ ಕಡಿವಾಣ ಹಾಕಿತು: ಮಾಲೀಕನ ಉದಾಸೀನವನ್ನು ಕಂಪನಿಯೇ ಸಾಬೀತು ಮಾಡಬೇಕು, ಮೊದಲು ನೊಂದವರಿಗೆ ಕೊಟ್ಟು, ನಂತರ ಮಾಲೀಕನಿಂದ ವಸೂಲು ಮಾಡುವಂತೆಯೂ ನ್ಯಾಯಾಲಯ ಹೇಳಬಹುದು. ಹಾಗಾಗಿ ಕೀಲಿ ಕೊಡುವ ಮುನ್ನ ಚಾಲಕನ ಲೈಸೆನ್ಸ್ ಸ್ಥಿತಿ ನೋಡದ ಮಾಲೀಕನ ಮನೆ, ಹೊಲಕ್ಕೇ ಆ ಸಾಲ ತಗಲಬಹುದು.

ಆರ್‌ಟಿಒ ಆದೇಶದ ಪ್ರತಿ ಚಾಲಕನ ವಿಳಾಸಕ್ಕೆ ಹೋದಂತೆ ಅವನ ಊರಿನ ಠಾಣೆಗೂ ಹೋಗಲಿ. ಗೊತ್ತಿದ್ದರೆ ಗಾಡಿ ಮಾಲೀಕನಿಗೂ ಹೋಗಲಿ. ಒಪ್ಪಿಸದಿರುವುದಕ್ಕೆ ಪ್ರತ್ಯೇಕ ದಂಡವನ್ನು ಶಾಸನವೇ ಸೇರಿಸಬೇಕು. ಅಲ್ಲಿಯವರೆಗೆ ಮಾಲೂರು, ಮಾಸ್ತಿಯ ಗಾಡಿ ಮಾಲೀಕರಲ್ಲಿ ಕೇಳಿಕೊಳ್ಳುವುದಿಷ್ಟು: ಚಾಲಕನ ಲೈಸೆನ್ಸ್ ನಂಬರ್ ಮತ್ತು ಹುಟ್ಟಿದ ದಿನಾಂಕವನ್ನು ಪರಿವಾಹನ್ ಪೋರ್ಟಲಿನಲ್ಲಿ ಹಾಕಿ ನೋಡಿ, ಆಮೇಲೆ ಕೀಲಿ ಕೊಡಿ.